ಮೆಲುಕಿನ ಸಾಲ

ಸಂತೆಕಟ್ಟೆಯ ಕಲ್ಯಾಣಮಂಟಪದ ಹಿಂಬಾಗಿಲಲ್ಲಿ
ಅಡುಗೆಯ ವಾಮನಣ್ಣ ಕೊಪ್ಪರಿಗೆಗೆ ಸೌಟು ಬಡಿದು ಕರೆದ:
"ಅನ್ನ ಮಿಕ್ಕಿದ್ದುಂಟು ಮಾರಾಯ್ತಿ, ಚೆಲ್ಲಲಿಕ್ಕೆ ಕೈ ಬರುವುದಿಲ್ಲ.
ಕೊಂಡುಹೋಗು ನಿನ್ನ ತುಂಬೆಗೆ."

ಬೆಳ್ತಿಗೆ ಅನ್ನ. ಇನ್ನೂ ಹಬೆಯಾಡುತ್ತಿತ್ತು.
ಅಲ್ಲೇ ನಿಂತು ಲೆಕ್ಕ ಹಾಕಿದೆ:
ಹಿಂಡಿಯ ಗೋಣಿಗೆ ಮೊನ್ನೆ ಮತ್ತೆ ಎಪ್ಪತ್ತು ರೂಪಾಯಿ ಜಾಸ್ತಿ.
ಬೈಹುಲ್ಲು ಘಟ್ಟ ಇಳಿದು ಲಾರಿಯಲ್ಲಿ ಬರಬೇಕು,
ಸೂಡಿಯ ಕ್ರಯ ಕೇಳಿದರೆ ದನವೂ ಮುಖ ತಿರುಗಿಸೀತು.
ನಮ್ಮ ಬೈಲಿನ ಗದ್ದೆಗಳು ಸೈಟಾಗಿ
ಮೂಲೆಗೊಂದು ಕಲ್ಲು ಹುಗಿಸಿಕೊಂಡು ಕೂತಿವೆ.
ಇಲ್ಲಿ ಎರಡು ಬಾಲ್ದಿ ಅನ್ನ, ಧರ್ಮಕ್ಕೆ.

ಅನ್ನ ದೇವರು.
ದೇವರನ್ನು ತಕ್ಕಡಿಯಲ್ಲಿಟ್ಟು ಬಡಿಸುವವರುಂಟೇ?

ತುಂಬೆ ತಿಂದಿತು.
ಬಾಲ್ದಿಯ ತಳ ನೆಕ್ಕಿ, ಹಿಡಿ ನೆಕ್ಕಿ,
ನನ್ನ ಮೊಣಕೈಗೆ ಅಂಟಿದ ಅಗುಳನ್ನೂ ನೆಕ್ಕಿ
ಇನ್ನೊಂದು ಬಾಲ್ದಿಯತ್ತ ನೋಡಿತು.
ಕೊಟ್ಟೆ.
ತಿಂದದ್ದು ಅದು, ಹೊಟ್ಟೆ ತುಂಬಿದ್ದು ನನಗೆ.

ರಾತ್ರಿ ಎಚ್ಚರವಾದದ್ದು ಸದ್ದಿಗಲ್ಲ.
ಹೈವೇಯ ಲಾರಿಗಳು, ಹತ್ತೂವರೆಯ ರೈಲು,
ಬಾವಿಕಟ್ಟೆಯ ಕಪ್ಪೆ, ಎಲ್ಲ ಇದ್ದವು.
ಗೋಡೆಯಾಚೆ ಹಟ್ಟಿಯಲ್ಲಿ
ಆರು ವರ್ಷ ನನ್ನ ನಿದ್ದೆಯನ್ನು ಹೊತ್ತಿದ್ದ
ಆ ಒಂದು ಸದ್ದು ಇರಲಿಲ್ಲ:
ದವಡೆ ಅತ್ತ, ದವಡೆ ಇತ್ತ,
ಒಂದು ಉಂಡೆ ಇಳಿದು ಇನ್ನೊಂದು ಏರುವ ಮುಂಚಿನ
ಗುಟುಕು ಮೌನ.

ಟಾರ್ಚು ಬಿಟ್ಟರೆ ಹಲ್ಲು ಕಡಿಯುತ್ತ ಮಲಗಿತ್ತು.
ಉಸಿರಿಗೆ ಹಳಸಿದ ದೋಸೆಹಿಟ್ಟಿನ ವಾಸನೆ.

ಡಾಕ್ಟ್ರು ಜೆಸಿಂತಾ ಬಾಯಿ ಸ್ಕೂಟರಿನಲ್ಲಿ ಬಂದು
ಎಡಪಕ್ಕೆಗೆ ಮುಷ್ಟಿ ಒತ್ತಿ ಕಾದರು.
ವಾಚು ನೋಡಿದರು. ಪುನಃ ಒತ್ತಿದರು.
"ಏನು ಹಾಕಿದಿರಿ?"
"ಅನ್ನ" ಎಂದೆ. ಕದ್ದವಳ ಸ್ವರ ನನಗೇ ಕೇಳಿತು.
"ಇದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಒಂದು ಊರುಂಟು ಅಕ್ಕ,
ಹುಲ್ಲು ಕೊಟ್ಟರೆ ದುಡಿದು ತಿನ್ನುವ ಊರು.
ನೀವು ಒಂದೇ ದಿನ ಊರಿಗೆಲ್ಲ ಜಂಬರ ಮಾಡಿದಿರಿ.
ಈಗ ಅಲ್ಲಿ ಎಲ್ಲ ಹುಳಿ. ಯಾರೂ ಏಳುತ್ತಿಲ್ಲ."

ಸೋಡಾಪುಡಿ ಕದಡಿ ಗೊಟ್ಟದಲ್ಲಿ ಕುಡಿಸಿದೆವು.
ಬೆಳಕು ಹರಿದಾಗ ಅವರು ಬೇಲಿಯಾಚೆ ನೋಡಿ ಕೇಳಿದರು:
"ಆ ಮೆಲುಕು ಹಾಕುವ ದನ ಯಾರದ್ದು?"

ಬೀಪಾತುಮ್ಮನದು.
ಅವಳಲ್ಲಿ ನಾನು ಸಕ್ಕರೆ ಸಾಲ ಕೇಳಿದ್ದೇನೆ, ಕೊಡೆ, ಏಣಿ,
ಒಮ್ಮೆ ಮಗಳ ಫೀಸಿಗೆ ಎರಡು ಸಾವಿರ.
ಮೆಲುಕು ಸಾಲ ಕೇಳಿದ್ದು ಅದೇ ಮೊದಲು.
ಅವಳು ನಗಲಿಲ್ಲ.
ಬಳೆ ಮೇಲಕ್ಕೆ ಸರಿಸಿ, ಬಿಸ್ಮಿ ಹೇಳಿ,
ತನ್ನ ದನದ ಕೆನ್ನೆಯೊಳಗೆ ಕೈ ಹಾಕಿ
ಆಗಷ್ಟೇ ಏರಿಬಂದ ಉಂಡೆಯನ್ನು ಹಿಡಿದು ತಂದಳು.
ಹಸಿರು, ಬೆಚ್ಚಗೆ, ಜೊಲ್ಲು ಸೋರುತ್ತ,
ಒಳಗೆ ಒಂದು ಊರಿನ ಬೀಜ.
ಕಾಗೆಯೂ ಮೂಸದ ಅದನ್ನು
ಎರಡೂ ಕೈಯೊಡ್ಡಿ ಇಸಕೊಂಡು ಬೇಲಿ ದಾಟಿ ಓಡಿದೆ.

ಮೂರನೆಯ ರಾತ್ರಿ ಗೋಡೆಯಾಚೆ
ದವಡೆ ಅತ್ತ,
ಬಹಳ ಹೊತ್ತಿನ ಮೇಲೆ, ದವಡೆ ಇತ್ತ.
ಸೊಸೈಟಿಯ ಪುಸ್ತಕದಲ್ಲಿ ಹನ್ನೊಂದು ದಿನ
ಬರೀ ಗೆರೆ ಎಳೆದದ್ದು ಹಾಗೇ ಉಂಟು.

ಈಗ ಹಿತ್ತಲಿನ ಹೊಂಡದಲ್ಲಿ ಅಜೋಲ ಬೆಳೆಯುತ್ತದೆ.
ತಳಕ್ಕೆ ಹಾಸಿದ್ದು ಮಂಟಪದ ಹಳೆಯ ಫ್ಲೆಕ್ಸು;
ನೀರಿನಡಿ ಮದುಮಗನ ಮೀಸೆ, ಮದುಮಗಳ ಬೈತಲೆಬೊಟ್ಟು.
ಸೆಗಣಿನೀರು ಕುಡಿದ ಹಸಿರು ದಿನದಿನ ದಟ್ಟವಾಗಿ
ಈ ವಾರ ಇಬ್ಬರ ಹೆಸರೂ ಮುಚ್ಚಿತು. ಚೆನ್ನಾಗಿರಲಿ ಅವರು.
ಹಲಸಿನ ರೆಚ್ಚೆ, ಸ್ವರ್ಣೆಯ ದಂಡೆಯ ಹುಲ್ಲು,
ಅಕ್ಕಚ್ಚಿಗೆ ತೌಡು, ಚೂರು ಉಪ್ಪು, ಒಂದೇ ಹಿಡಿ ಅನ್ನ.
ವಾಮನಣ್ಣನಲ್ಲಿ ಹೇಳಿದೆ:
ಬೂದುಕುಂಬಳದ ಸಿಪ್ಪೆ ಇಡು, ಬಾಳೆಲೆಯ ತುದಿ ಇಡು,
ಅನ್ನ ಬೇಡ.
ಅನ್ನವನ್ನು ಬೇಡ ಎಂದವಳನ್ನು
ಅವನಿನ್ನೂ ಪೂರ್ತಿ ಕ್ಷಮಿಸಿಲ್ಲ.

ಸಕ್ಕರೆ ಹಿಂದಿರುಗಿಸಿದ್ದೇನೆ, ಕೊಡೆಯನ್ನೂ.
ಎರಡು ಸಾವಿರ ಹಾಲಿನ ದುಡ್ಡಲ್ಲಿ ಸಂದಿತು.
ಮೆಲುಕಿನದೊಂದು ಉಳಿದಿದೆ.
ಸಂಜೆ ಬೇಲಿಗೆ ಕೈಯಿಟ್ಟು
ಬೀಪಾತುಮ್ಮನ ದನ ಅರೆಗಣ್ಣು ಮುಚ್ಚಿ ಜಗಿಯುವುದನ್ನು
ನೋಡುತ್ತ ನಿಲ್ಲುತ್ತೇನೆ.
ಈ ಸಾಲ ತೀರದಿರಲಿ.