ಬಲೆಯ ಕಣ್ಣು

ಸಿರಿಂಜ್ ಹಿಂದಕ್ಕೆಳೆದರೆ ಏನೂ ಬರಲಿಲ್ಲ.
ಡಾಕ್ಟರ್ ಬ್ರಾಯಿಸ್ ಮತ್ತೊಮ್ಮೆ ಎಳೆದರು, ಬೆವೆತರು.
ಮಗ್ಗುಲಾಗಿ ಮಲಗಿದ್ದ ದೊರಿಂದಾ ಗೋಡೆಗೆ ಹೇಳಿದಳಂತೆ:
"ಬಾವಿ ಬತ್ತಿತೇನಪ್ಪ? ನಿಧಾನವಾಗಲಿ,
ದೋಣಿ ಬರೋದು ಸಂಜೆಗೆ."

ಕಡೆಗೆ ಮೂಳೆಯದೇ ಒಂದು ಚೂರು ಕೊರೆದು ತೆಗೆದರು,
ಬೆಂಕಿಕಡ್ಡಿಯಷ್ಟು ಸಪೂರ.
ಅದು ಮೂರನೇ ಮಹಡಿಗೆ, ನನ್ನ ಮೇಜಿಗೆ ಬಂತು.
ಸುಣ್ಣ ಕರಗಿಸಿ, ಮೇಣದಲ್ಲಿ ಹುಗಿದು,
ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು
ಬೆಳ್ಳಿಯ ನೀರಿನಲ್ಲಿ ಅದ್ದಿದೆ.
ಹೊಳೆಯುವ ಬೆಳ್ಳಿಯಲ್ಲ ಇದು;
ನಾರು ಇದ್ದಲ್ಲಿ ಕಪ್ಪಾಗುತ್ತದೆ, ಅಷ್ಟೆ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.
ಬಲೆ.
ಎಳೆಗೆ ಎಳೆ ತೊಡರಿ, ಗಂಟು ಬಿಗಿದು,
ರಕ್ತ ಹುಟ್ಟುವ ಕೋಣೆಗಳಲ್ಲಿ
ರಕ್ತಕ್ಕೇ ಜಾಗವಿಲ್ಲ.
ಗಾಯ ಕಾಣದ ಕಲೆ.
ದಿನಕ್ಕೊಂದು ಮಾತ್ರೆಗೆ ತಲೆಬಾಗಿ
ಹನ್ನೆರಡು ವರ್ಷ ಸಾಧುವಾಗಿದ್ದ ಲ್ಯುಕೇಮಿಯಾ
ಒಳಗೇ ಕೂತು ಇದನ್ನು ಹೆಣೆಯುತ್ತಿತ್ತೆ?

ಅವಳನ್ನು ನಾನು ಬಲ್ಲೆ.
ಮಾಲ್ಪಿಕಾ ಬಂದರಿನ ಕಟ್ಟೆಯ ಮೇಲೆ ಕಾಲು ಚಾಚಿ,
ಹೆಬ್ಬೆರಳಿಗೆ ನೈಲಾನ್ ಸಿಕ್ಕಿಸಿ
ನಲವತ್ತು ವರ್ಷ ಊರಿನ ಹರಕು ಬಲೆಗಳನ್ನೆಲ್ಲ
ಕೂಡಿಸಿಕೊಟ್ಟವಳು.
ನನಗೆ ಎಂಟು ವರ್ಷ, ಕಲಿಯಲು ಕೂತಿದ್ದೆ. ಬೈದಿದ್ದಳು:
"ಕಣ್ಣು ಬಿಡಬೇಕು ಹುಡುಗಿ, ಕಣ್ಣು!
ಕಣ್ಣು ಮುಚ್ಚಿದರೆ ಅದು ಬಲೆಯಲ್ಲ, ಚೀಲ.
ನೀರು ಹೋಗೋದೆಲ್ಲಿಂದ?"

ವರದಿಯಲ್ಲಿ ಬರೆದೆ: ನಾರುಗಟ್ಟಿದೆ, ಎರಡನೇ ದರ್ಜೆ.
ಸಹಿ ಹಾಕುವ ಮೊದಲು ಮತ್ತೆ ಗಾಜಿಗೆ ಬಗ್ಗಿದೆ.
ಎಡಮೂಲೆಯಲ್ಲಿ, ಆ ಕಪ್ಪು ಸಿಕ್ಕಿನ ನಡುವೆ
ಇನ್ನೂ ತೆರೆದೇ ಇದ್ದವು ಕೆಲವು ಕಣ್ಣು.
ಎಣಿಸಿದೆ. ಏಳು.
ವರದಿಗೆ ಅದು ಬೇಕಿರಲಿಲ್ಲ.