ಉಳಿದದ್ದೆಲ್ಲಿ?

ಆರ್ಹುಸಿನ ಬಂದರು, ಹಳೆಯ ಮೀನಿನ ಉಗ್ರಾಣ.
ಬಿಳಿ ಬಳಿದ ಗೋಡೆಗೆ ಇನ್ನೂ ಉಪ್ಪಿನ ವಾಸನೆ.
ಹಲಗೆಯ ಮೇಲೆ ಕುರಮೋಚಿಯವರ ಹನ್ನೊಂದು ಬಟ್ಟಲು.
ಅವರ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಾನು:
ದುಭಾಷಿಗೆ ಸಲ್ಲುವಷ್ಟೇ ಜಾಗ,
ಗಂಟೆಗೆ ಇಷ್ಟು ಕ್ರೋನ್.

ಸಿಗ್ನೆ ರಾವ್ನ್‌ಹೋಲ್ಟ್ ಏಳನೆಯದನ್ನು ಕೈಗೆತ್ತಿ,
ತಿರುಗಿಸಿ, ಉಗುರಿನಿಂದ ತಟ್ಟಿ,
ನಾಳೆ ಗಾಳಿ ಜೋರಿದೆಯಂತೆ ಅನ್ನುವಷ್ಟೇ ಸಲೀಸಾಗಿ ಅಂದಳು:
"ಇದು ಸತ್ತಿದೆ.
ಇಪ್ಪತ್ತು ವರ್ಷದಿಂದ ನೀವು ನಿಮ್ಮದೇ ಬಟ್ಟಲನ್ನು
ನಕಲು ಮಾಡುತ್ತಿದ್ದೀರಿ. ಕೈಗೆ ಎಲ್ಲ ಗೊತ್ತು,
ಅದೇ ತೊಂದರೆ.
ನೇರವಾಗಿ ಹೇಳುತ್ತಿದ್ದೇನೆ, ಗೌರವ ಇರುವುದರಿಂದ."

ವೈನ್ ಹಿಡಿದವರು ತಲೆದೂಗಿದರು,
ಯಾರೋ ಕಿಟಕಿ ತೆರೆದಂತೆ ಹಗುರಾಗಿ.

ಗೌರವ ಇರುವುದರಿಂದ!
ಬಿಸಿತುಪ್ಪ ಅನ್ನುತ್ತಾರೆ, ನುಂಗಲಾರದ್ದು, ಉಗುಳಲಾರದ್ದು.
ತುಪ್ಪವಾದರೆ ಸ್ವಲ್ಪ ಹೊತ್ತಿಗೆ ಆರುತ್ತದೆ.
ಕೊನೆಗೆ ನನ್ನ ಬಾಯಿಂದ ಜಪಾನಿಯಲ್ಲಿ ಬಿದ್ದದ್ದು ಇಷ್ಟು:
"ತಮ್ಮ ಕೈಯ ಸ್ಥಿರತೆ ಅವರಿಗೆ ಎದ್ದು ಕಂಡಿತಂತೆ."

ಕುರಮೋಚಿ ತಲೆಬಾಗಿದರು.
ಅವಳು ತಾನೇ ಬರೆದು ಉಡುಗೊರೆ ಕೊಟ್ಟಿದ್ದ ಪುಸ್ತಕದ
ಮೂರು ಪುಟ ಮಗುಚಿ, "ಸ್ವಾರಸ್ಯವಾಗಿದೆ" ಎಂದರು.
ಅವರೂರಿನಲ್ಲಿ ಆ ಪದ, ಆ ಸ್ವರದಲ್ಲಿ,
ಮುಖದ ಮೇಲೆ ಬಾಗಿಲು ಹಾಕಿದ ಸದ್ದು.
ಪದ ದಾಟಿಸಿದೆ. ಸದ್ದು ನನ್ನಲ್ಲೇ ಇಟ್ಟುಕೊಂಡೆ.
ಖುಷಿಗೆ ಸಿಗ್ನೆಯ ಕಿವಿ ಕೆಂಪೇರಿತು.

ಇಸಿದುಕೊಳ್ಳದ ಬೈಗುಳ ಬೈದವರಲ್ಲೇ ಉಳಿಯುತ್ತದೆ
ಅಂತ ಹಿರಿಯರ ಮಾತು.
ಪಾಪ, ಅವರು ಅಂಚೆಯವನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅಮ್ಮ ಮತ್ಸುಯೆಯವಳು. ಅಪ್ಪ ಇದೇ ಬಂದರಿನಲ್ಲಿ
ಹಡಗಿನ ಎಂಜಿನ್ ಬಿಚ್ಚುತ್ತಿದ್ದವನು.
"ಸಾರಿಗೆ ಉಪ್ಪು ಜಾಸ್ತಿ" ಅಂದು,
ಎರಡನೆಯ ಸಲ ಹಾಕಿಸಿಕೊಂಡು,
ಮರೆತು, ಗೊರಕೆ ಹೊಡೆಯುತ್ತಿದ್ದ.
ಅಮ್ಮ ಆ ಒಂದು ಬಟ್ಟಲನ್ನು ನಲ್ಲಿಯ ಕೆಳಗೆ
ಎಷ್ಟು ಹೊತ್ತು ಹಿಡಿದಿರುತ್ತಿದ್ದಳೆಂದರೆ
ಮನೆಯ ಬಿಸಿನೀರೇ ಮುಗಿಯುತ್ತಿತ್ತು.
ಒಮ್ಮೆಯಾದರೂ ತಿರುಗಿ ಬೈದಾಳೇ ಅಂತ
ಜೀವಮಾನವಿಡೀ ಕಾದ ಅಪ್ಪ.
ಅವಳು ಬೈಯುತ್ತಲೇ ಇದ್ದಳು,
ಅವನ ಅಂಗಿಗಳನ್ನು ಒಂದು ಸುಕ್ಕಿಲ್ಲದಂತೆ ಮಡಚಿ ಮಡಚಿ.

ಪೂರ್ವ, ಪಶ್ಚಿಮ ಅಂತೆಲ್ಲ ದೊಡ್ಡ ಮಾತು ನನಗೆ ಬಾರದು.
ಒಂದು ಅಡುಗೆಮನೆ ಗೊತ್ತು, ಅಷ್ಟೆ.

ರಾತ್ರಿ ಟ್ರಾಮಿನಲ್ಲಿ ಕುರಮೋಚಿ ಕಿಟಕಿಯ ಗಾಜಿಗೆ ಹೇಳಿದರು:
"ಅವಳು ಮಾರುದ್ದ ಮಾತಾಡಿದಳು. ನೀನು ಗೇಣುದ್ದ ಹೇಳಿದೆ.
ಉಳಿದದ್ದೆಲ್ಲಿ?"
ನನ್ನ ಹತ್ತಿರ, ಅಂದೆ.
"ಕೊಡು."

ಕೊಟ್ಟೆ, ಒಂದಕ್ಷರ ಬಿಡದೆ. ಸತ್ತಿದೆ ಎಂಬುದನ್ನೂ.
ಗೌರವದ ವಿಷಯ ಅವಳು ಇಟ್ಟಲ್ಲೇ ಇಟ್ಟೆ, ಕೊನೆಗೆ.

ಈಗ ಮುದುಕ ಮುಗುಳ್ನಗುತ್ತಾನೆ, ಬೆಟ್ಟದ ಹಾಗೆ ಕೂರುತ್ತಾನೆ
ಅಂತ ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ.
ಅವರು ಬೈದರು.
ಎರಡು ನಿಲ್ದಾಣ ದಾಟುವವರೆಗೂ ಬೈದರು,
ಅಮ್ಮ ನನಗೆ ಕಲಿಸದೆ ಬಿಟ್ಟ ಜಪಾನಿಯಲ್ಲಿ,
ಎದುರಿನ ಹುಡುಗ ಇಯರ್‌ಫೋನ್ ಕಿತ್ತು ನೋಡುವ ಹಾಗೆ.
ಆಮೇಲೆ ಕೈವಸ್ತ್ರದಲ್ಲಿ ಬಾಯಿ ಒರೆಸಿಕೊಂಡು:
"ಏಳನೆಯದಲ್ಲ. ಸತ್ತಿರುವುದು ನಾಲ್ಕನೆಯದು.
ಅವಳಿಗೆ ಅದೂ ಕಾಣಲಿಲ್ಲ."

ಮನೆಗೆ ಬಂದು ಬೂಟು ಬಿಚ್ಚುವಾಗ ಸಿಗ್ನೆಯ ಮೆಸೇಜು,
ಹನ್ನೊಂದೂ ಮುಕ್ಕಾಲಿಗೆ:
"ಅವರಿಗೆ ನೋವಾಯಿತೇ? ನಿದ್ದೆ ಬರುತ್ತಿಲ್ಲ.
ಸ್ವಾರಸ್ಯವಾಗಿದೆ ಅಂದರಲ್ಲ, ಯಾವ ಅರ್ಥದಲ್ಲಿ?"

ಸಿಂಕಿನಲ್ಲಿ ಬೆಳಗಿನ ಬಟ್ಟಲು, ಒಂದೇ ಒಂದು.
ನಲ್ಲಿ ತಿರುಗಿಸಿದೆ.
ನೀರು ಬಿಸಿಯಾಗುವವರೆಗೆ ಬೆರಳೊಡ್ಡಿ ನಿಂತು ಯೋಚಿಸಿದೆ,
ಈ ಹೊತ್ತನ್ನೂ ಬಿಲ್ಲಿಗೆ ಸೇರಿಸಬಹುದೇ ಅಂತ.