ಅಂತ್ಯವಾದ ಮೇಲೆ ಮಧ್ಯ

ಶಹಾಪುರದ ನಮ್ಮಲ್ಲಿ ಅಂಗಳ ಒಂದೇ, ಸಾಲಿ ಮೂರು.
ನಡುವೆ ತಗಡಿನ ಗೋಡೆ.
ಎಡಕ್ಕೆ ಕಂಗ್ರಾಳಕರ ಸರ್ ಮರಾಠಿಯಲ್ಲಿ ಸೊನ್ನೆ ಪೋಣಿಸುತ್ತಾರೆ,
ಬಲಕ್ಕೆ ತಬಸ್ಸುಮ್ ಟೀಚರು ಉರ್ದುವಿನಲ್ಲಿ.
ನಡುವೆ ನಾನು, ಒಂದು ತುಂಡು ಸೀಮೆಸುಣ್ಣ,
ಐದನೇ ಇಯತ್ತೆಯ ಮೂವತ್ತೊಂದು ಬಾಯಿ.

ಲಕ್ಷದವರೆಗೆ ಮೂರೂ ಕೋಣೆಗೆ ಹೆಚ್ಚುಕಮ್ಮಿ ಒಂದೇ ದನಿ.
ಕೋಟಿ ತಗಡು ದಾಟಿ ಕರೋಡ ಆಗುತ್ತದೆ.
ಆಮೇಲೆ ದಾರಿ ಕವಲು:
ಎಡದಲ್ಲಿ ಅಬ್ಜ ಅರಳುತ್ತದೆ, ನೀರಿನ ಹೂವು;
ಬಲದಲ್ಲಿ ಅರಬ್, ಖರಬ್.
ನಮ್ಮ ಪುಸ್ತಕ ಮಾತ್ರ ನೂರು ಕೋಟಿ, ಸಾವಿರ ಕೋಟಿ ಅಂತ
ಹಳೇ ಅಂಗಿಗೇ ತೇಪೆ ಹಚ್ಚುತ್ತದೆ.

'ಖರಬ್ ಅಂದ್ರ ಖರಾಬ್ ಏನ್ರೀ ಅಕ್ಕೋರ?'
ಹಿಂದಿನ ಸಾಲಿನ ಬಾಳೇಶ.
'ಈ ಕಡೆ ಲಕ್ಷ ಕೊಡೋ' ಎಂದು ಗದರಿದೆ.
'ಎಲ್ಲಿಂದ ಕೊಡ್ಲಿರಿ, ನಮ್ಮಪ್ಪನ ಕಡೇನ ಇಲ್ಲ.'
ಮೂವತ್ತು ಬಾಯಿ ನಕ್ಕವು. ಯಾಕೆಂದು ತಿಳಿಯದೆ
ತಗಡಿನ ಎರಡೂ ಕಡೆ ನಕ್ಕರು.

ಬಿಡುವಿನಲ್ಲಿ ಸರ್ ಒಂದು ವಹಿ ತಂದರು,
ಅವರ ಅಜ್ಜನ ಕೈಬರಹ, ಅಂಚಿಗೆ ಎಣ್ಣೆ ಕಲೆ.
ಖರ್ವ, ನಿಖರ್ವ, ಮಹಾಪದ್ಮ, ಶಂಕು, ಜಲಧಿ.
ಬೆರಳು ಅಲ್ಲಿ ನಿಂತಿತು.
'ನೋಡ್ರಿ ಅಕ್ಕೋರ, ಸಮುದ್ರ ಆದಮ್ಯಾಲ ಅಂತ್ಯ.
ಅಂತ್ಯ ಆದಮ್ಯಾಲ… ಮಧ್ಯ.'
ಹೋದ ಮಾಘದಲ್ಲಿ ಹೆಂಡತಿಯನ್ನು ಕಳಕೊಂಡವರು
ಆ ಸಾಲನ್ನು ಇನ್ನೊಮ್ಮೆ ಓದಿದರು, ನನಗಲ್ಲ.

ಯಾರೋ ರಾತ್ರಿಯೆಲ್ಲ ಎಣಿಸಿ
ಇದೇ ಕೊನೆ ಎಂದು ಹೆಸರಿಟ್ಟು ಮಲಗಿರಬೇಕು.
ಬೆಳಕು ಹರಿದಾಗ ಎದ್ದು ನೋಡಿದರೆ
ಇನ್ನೂ ನಡುದಾರಿ.
ಅಳಿಸಲಿಲ್ಲ. ಹಾಗೇ ಬಿಟ್ಟು ಮುಂದಕ್ಕೆ ಎಣಿಸಿದ.

ಊಟದ ಗಂಟೆ.
ಪರಾರ್ಧ ದೊಡ್ಡದೋ ಶಂಖ ದೊಡ್ಡದೋ ಎಂದು
ತಾಟು ಬಡಿದುಕೊಳ್ಳುತ್ತ ಮೂರು ಸಾಲಿಯ ಜಗಳ.
ಅಡಿಗಿ ಯಮನವ್ವನಿಗೆ ಇಪ್ಪತ್ತರ ಮೇಲೆ ಬೇರೆ ಎಣಿಕೆಯಿಲ್ಲ.
ಕಣ್ಣಲ್ಲೇ ಕಟ್ಟು ಕಟ್ಟಿ ಅಂದಳು:
'ಏಳಿಪ್ಪತ್ತು, ಮ್ಯಾಲ ಮೂರು. ಸುಮ್ಮ ಕೂಡ್ರಿ.'

ಒಬ್ಬೊಬ್ಬರ ಮುಂದೆ ಸೌಟು ನಿಲ್ಲಿಸಿ
ಒಂದೇ ಮಾತು ಕೇಳುತ್ತ ಹೋದಳು:
'ರಗಡ ಆತ?'
ಸಾಕು, ಎಂದರು ನಮ್ಮವರು.
ಪುರೇ.
ಬಸ್.
ಎಷ್ಟಕ್ಕೆ ರಗಡ, ಯಾವ ವಹಿಯಲ್ಲೂ ಬರೆದಿಲ್ಲ;
ಅವಳ ಸೌಟಿಗೆ ಗೊತ್ತು.

ಸಾಲಿನ ಕೊನೆಗೆ ಬಾಳೇಶ,
ಬಾಯಲ್ಲಿ ಇನ್ನೂ ಅನ್ನ,
ತಾಟು ಎತ್ತಿ ಹಿಡಿದು:
'ಯವ್ವಾ, ಇನ್ನೊಂದ.'